ಕಡಲ ಊರಿನ ಬಸ್ಸು

ಬಸ್ ನಿಲ್ದಾಣದ ಮೈಕಿನ ಕೋಣೆ,
ಮಂಗಳವಾರ, ಹನ್ನೆರಡನೇ ತಾರೀಖು, ಊಟದ ಬಿಡುವು

ನನ್ನ ಮನೆಯ ಮಹಾರಾಣಿಗೆ,

ಕೆಮ್ಮು ಹೇಗಿದೆ? ಉಪ್ಪುಗಾಳಿಗೆ ಗಂಟಲು ಕಟ್ಟುತ್ತದೆ ಎಂದು ಬರೆದಿದ್ದೆ. ಬಿಸಿನೀರು ಕುಡಿ, ಒದ್ದೆ ತಲೆಯಲ್ಲಿ ತರಗತಿಗೆ ಓಡಬೇಡ. ನಾವಿಲ್ಲಿ ಕ್ಷೇಮ. ನಿನ್ನ ಅತ್ತೆಯ ಮಂಡಿನೋವು ಕಡಿಮೆಯಾಗಿದೆ, ಬಾಯಿ ಕಡಿಮೆಯಾಗಿಲ್ಲ. ಮೊನ್ನೆ ನನ್ನ ಮುಖ ನೋಡಿ, "ಓದ್ತಿರೋಳು ಅವಳು, ಸೊರಗ್ತಿರೋನು ನೀನು! ಇದ್ಯಾವ ಸೀಮೆ ಕಾಲೇಜಪ್ಪಾ?" ಎಂದಳು.

ನಿನ್ನ ಕಾಗದ ಓದಿದೆ. ಒಂದಲ್ಲ, ಐದು ಸಲ. ನಾಲ್ಕು ಪುಟದಲ್ಲಿ ಕಡಲು ಹನ್ನೊಂದು ಸಲ ಬಂದಿದೆ, ಆ ಕನ್ನಡಕದ ಸಹಪಾಠಿ ಏಳು ಸಲ, ಕಟ್ಟಿಕೊಂಡ ಗಂಡ ಎರಡೇ ಸಲ. ಆ ಎರಡರಲ್ಲೂ ಒಂದು ಸಲ ಗ್ಯಾಸ್ ಸಿಲಿಂಡರಿನ ಜೊತೆಯಲ್ಲಿ! ಅಬ್ಬಾ, ಎಂಥ ಸುಖವಮ್ಮಾ ನಿನ್ನದು! ಹಾಸ್ಟೆಲಿನ ಕಿಟಕಿ ತೆಗೆದರೆ ನೀಲಿ ನೀರು, ಲೈಬ್ರರಿಯ ಮೆಟ್ಟಿಲಿಳಿದರೆ ಮರಳು, ಸಂಜೆ ದೀಪಸ್ತಂಭದವರೆಗೆ ನಡಿಗೆ. ನನ್ನ ಕೋಣೆಯ ಕಿಟಕಿ ತೆಗೆದರೆ ಡೀಸೆಲ್ ಹೊಗೆ. ಹೊಟ್ಟೆಯುರಿ ಎಂದರೆ ಏನೆಂದು ಕೇಳಿದವರಿಗೆ ನನ್ನ ಹೊಟ್ಟೆಯ ಮೇಲೆ ಹಾಲು ಕಾಯಿಸಿ ತೋರಿಸಬಹುದು.

ಕೊನೆಯ ಪುಟದ ಕೊನೆಯ ಸಾಲಿಗೆ ಬರುತ್ತೇನೆ. "ಪ್ರೊಫೆಸರಮ್ಮ ಇನ್ನೂ ಮೂರು ವರ್ಷ ಇದ್ದು ಸಂಶೋಧನೆ ಮಾಡು ಅಂತಿದ್ದಾರೆ. ನೀವು ಹೇಗೆ ಹೇಳಿದ್ರೆ ಹಾಗೆ ರೀ." ಆಹಾ, ಎಂಥ ತಂತ್ರ! ಕತ್ತಿಯನ್ನು ನನ್ನ ಕೈಗೆ ಕೊಟ್ಟು ನೀನೇ ಕತ್ತು ಚಾಚಿ ನಿಂತಿದ್ದೀಯ. ಇಲ್ಲಿ ನೀನು ಪಾಠ ಹೇಳುತ್ತಿದ್ದ ಶಾಲೆಯ ಹೆಡ್ಮೇಷ್ಟ್ರು ಸಿಕ್ಕಾಗಲೆಲ್ಲ, "ಮೇಡಂ ಬೇಸಿಗೆ ರಜೆ ಮುಗಿದ್ಮೇಲೆ ಕೆಲ್ಸಕ್ಕೆ ಬರ್ತಾರೋ, ಇನ್ನೂ ರಜಾ ಬೇಕಂತಾರೋ? ಏನಾದ್ರೂ ಒಂದು ಹೇಳಿ ಸ್ವಾಮೀ" ಎಂದು ಅಡ್ಡಗಟ್ಟುತ್ತಾರೆ. ನಾನು ಹೂಂ ಎನ್ನದೆ ಊಹೂಂ ಎನ್ನದೆ ಮೀಸೆ ತಿರುವಿಕೊಂಡು ಜಾರಿಕೊಳ್ಳುತ್ತೇನೆ.

ನೀನು ಕಿವಿಯಿಂದ ಓದುವವಳು. ಕಣ್ಣಿನಿಂದ ಓದಿದ್ದು ನಿನಗೆ ತಲೆಗೆ ಹತ್ತದು. ಪ್ರವೇಶ ಪರೀಕ್ಷೆಗೆ ತಯಾರಾಗುವಾಗ ನೀನು ಬಟ್ಟೆ ಮಡಚುತ್ತಿದ್ದೆ, ನಾನು ಎದುರು ನಿಂತು ಪಾಠ ಓದುತ್ತಿದ್ದೆ. ನಾಟಕ ಕಂಪನಿಯ ಪೆಟ್ಟಿಗೆಗಳ ಮೇಲೆ ಮಲಗಿ ಬೆಳೆದವನು ನಾನು, ಮೆಲ್ಲಗೆ ಓದಲು ಯಾರೂ ಕಲಿಸಲಿಲ್ಲ. ಏಡಿ ಚಿಪ್ಪು ಕಳಚುವ ಅಧ್ಯಾಯವನ್ನು ಯುದ್ಧಕ್ಕೆ ಹೊರಟ ರಾಜನ ಹಾಗೆ ಓದಿದಾಗ, "ರೀ, ಸ್ವಲ್ಪ ಮೆಲ್ಲಗೆ, ಪಕ್ಕದ್ಮನೆಯವ್ರೂ ಪಾಸಾಗ್ಬಿಡ್ತಾರೆ" ಎಂದಿದ್ದೆ. ಈಗ ಆ ಕೆಲಸ ಕನ್ನಡಕದವನ ಪಾಲಾಗಿದೆ. ಅವನು ನಿನ್ನ ತಮ್ಮನಿಗಿಂತ ಚಿಕ್ಕವನು ಎಂದು ಬರೆದಿದ್ದೀಯ, ನಂಬುತ್ತೇನೆ. ಆದರೆ "ಅವನ ದನಿ ತಂಪಾಗಿದೆ" ಎಂದು ಬರೆಯುವ ಅಗತ್ಯವೇನಿತ್ತು? ಇನ್ನೊಂದು ಮಾತು, ನಗಬೇಡ. ನಾಲ್ಕನೇ ಕ್ಲಾಸಿಗೇ ಪಾಟಿ ಕೆಳಗಿಟ್ಟು ಓದು ಬಿಟ್ಟವನು ನಾನು. ಆ ಕಡಲಜೀವಿಗಳ ಪುಸ್ತಕಗಳೆಲ್ಲ, ನಿನಗಾಗಿ ಓದಿ ಓದಿ, ನನಗೂ ಬಾಯಿಪಾಠವಾದವು. ಇಡೀ ಸಮುದ್ರ ನನ್ನ ನಾಲಿಗೆಯ ಮೇಲೆ ಹಾದುಹೋಗಿದೆ, ಕಾಲಿಗೆ ಒಂದು ಅಲೆ ತಾಗಿಲ್ಲ. ಪರೀಕ್ಷೆ ಬರೆದವಳು ನೀನು, ಕಡಲು ಸಿಕ್ಕಿದ್ದೂ ನಿನಗೆ.

ಇನ್ನು ನಿನ್ನೆಯ ಪಾಪ ಕೇಳು. ನಮ್ಮ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆಂಬುದು ದಿನಾ ಬದಲಾಗುತ್ತದಲ್ಲ, ಜನ ಒಳಗಿನ ಬೆಂಚುಗಳ ಮೇಲೆ ಕೂತು ನನ್ನ ದನಿಗೇ ಕಾಯುತ್ತಾರೆ. ಬೆಳಿಗ್ಗೆ ಆರೂ ಹತ್ತಕ್ಕೆ ನಿನ್ನ ಕಡಲ ಊರಿನ ಬಸ್ಸು. ಎರಡು ವರ್ಷದಿಂದ ಊರಿನವರನ್ನೆಲ್ಲ ನಿನ್ನಲ್ಲಿಗೆ ನಾನೇ ಕೂಗಿ ಕಳಿಸಿದ್ದೇನೆ. ನಿನ್ನೆ ನಿನ್ನ ಕಾಗದ ಜೇಬಿನಲ್ಲಿತ್ತು. ಐದೂ ಐವತ್ತರದ್ದನ್ನು ಕೂಗಿದೆ, ಆರಕ್ಕೆ ಹೊರಡುವುದನ್ನು ಕೂಗಿದೆ, ನಿನ್ನ ಬಸ್ಸಿಗೆ ಬಾಯಿ ಬಿಗಿಹಿಡಿದು ಕೂತೆ. ಅದು ಮೂರೇ ಜನರನ್ನು ಹತ್ತಿಸಿಕೊಂಡು ಹೊರಟಿತು. ಯಾರಿಗೆ ಏನು ನಷ್ಟ ಎಂದುಕೊಂಡೆ. ಅಷ್ಟರಲ್ಲಿ ಸೂಟ್‌ಕೇಸು ಹಿಡಿದ ಒಬ್ಬ ಹುಡುಗಿ ಗಾಜಿಗೆ ಮುಖವಿಟ್ಟು ಅಳುತ್ತಾಳೆ. "ಅಂಕಲ್, ನಾನಿಲ್ಲೇ ಕೂತಿದ್ದೆ, ನೀವು ಕೂಗ್ಲೇ ಇಲ್ಲ. ಮಧ್ಯಾಹ್ನ ಪ್ರಾಕ್ಟಿಕಲ್ ಪರೀಕ್ಷೆ ಇದೆ." ಎಲ್ಲಿ? ನಿನ್ನ ವಿಶ್ವವಿದ್ಯಾಲಯದಲ್ಲೇ! ಬಣ್ಣ ಹಚ್ಚದೆಯೇ ನನ್ನ ಮುಖ ಕೆಂಪಾಯಿತು. ಮೈಕು ಕೆಟ್ಟಿತ್ತಮ್ಮಾ ಎಂದು ಸುಳ್ಳು ಹೇಳಿದೆ. ಬಸ್ಸು ಡೀಸೆಲ್ ಹಾಕಿಸಲು ಊರಾಚೆಯ ಬಂಕಿನಲ್ಲಿ ನಿಲ್ಲುತ್ತದೆಂದು ಗೊತ್ತಿತ್ತು. ಸೂಟ್‌ಕೇಸನ್ನು ಸ್ಕೂಟರಿನ ಮುಂದೆ, ಅವಳನ್ನು ಹಿಂದೆ ಕೂರಿಸಿಕೊಂಡು ಹಾರಿದೆ. ಬಸ್ಸು ಸಿಕ್ಕಿತು. ಅವಳು ಕಿಟಕಿಯಿಂದ ಕೈಬೀಸಿ, "ನೀವು ದೇವ್ರ ಹಾಗೆ ಬಂದ್ರಿ ಅಂಕಲ್!" ಎಂದಳು. ಚಪ್ಪಲಿಯಲ್ಲಿ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಹಾಗೆಂದು ನಾನೇನೂ ಸಂತನಾಗಲಿಲ್ಲ. ಇವತ್ತೂ ಆರೂ ಹತ್ತಕ್ಕೆ ಕೂಗಿದೆ, ಕೂಗುವಾಗ ಹಲ್ಲು ಕಡಿದೆ.

ಅತ್ತೆ ತಲೆ ಸವರಿದ್ದಾಳೆಂದು ತಿಳಿದುಕೋ. ಕನ್ನಡಕದವನಿಗೆ ನನ್ನ ನಮಸ್ಕಾರ ತಿಳಿಸು. ತಿಳಿಸದಿದ್ದರೂ ನಡೆಯುತ್ತದೆ.

ನೀನೇ ಹೆಸರಿಟ್ಟ ನಿನ್ನ
ಮೈಕಾಸುರ

ಲಕೋಟೆ ಅಂಟಿಸುವ ಮೊದಲು: ಈಗಷ್ಟೇ ಶಾಲೆಗೆ ಹೋಗಿ, "ನಮ್ಮವಳು ಬರಲ್ಲ ಸ್ವಾಮೀ, ಇನ್ನೂ ಮೂರು ವರ್ಷ ಓದ್ತಾಳೆ!" ಎಂದು ಹೆಡ್ಮೇಷ್ಟ್ರಿಗೆ ಹೇಳಿಬಂದೆ. ಗುಟ್ಟಾಗಿಯೇ ಹೇಳಿದ್ದು, ಆದರೂ ಏಳನೇ ಕ್ಲಾಸಿನವರೆಗೂ ಕೇಳಿಸಿ ಮಕ್ಕಳೆಲ್ಲ ಕಿಟಕಿಯಲ್ಲಿ ಇಣುಕಿದವು. ರಜೆಯ ಅರ್ಜಿಗೆ ನಿನ್ನದೇ ಸಹಿ ಬೇಕಂತೆ. ಈ ಕಾಗದ ಮುಟ್ಟಿದ ದಿನವೇ ಅರ್ಜಿ ಬರೆದು ಸಹಿ ಹಾಕಿ ಕಳಿಸು. ಮರುದಿನದವರೆಗೆ ನನ್ನನ್ನು ನಂಬಬೇಡ.