ಗೇಟಿನ ಬಳಿಯ ಎರವಲು ಕುರ್ಚಿ

ಬೆಳಗಾವಿ
ಫೆಬ್ರವರಿ ೩೦, ೨೧೮೭

ಹಿಂದಿನ ಕಾಲದ ನಿಮಗೆ,

"ಕೊಟ್ಟ ಮಾತಿಗೆ ವಯಸ್ಸಾಗುವುದಿಲ್ಲ" ಎಂಬ ಸಾಲನ್ನು ಎಂ.ಎ. ಓದುವಾಗ ಎಲ್ಲೋ ಕಂಡಿದ್ದೆ. ಹಿಂದಿನ ಸಾಲು ನೆನಪಿಲ್ಲ, ಮುಂದಿನದೂ ಇಲ್ಲ. ಮೂರು ದಿನಗಳಿಂದ ಅದನ್ನು ನಂಬಲು ನೋಡುತ್ತಿದ್ದೇನೆ, ಆಗುತ್ತಿಲ್ಲ. ಮಾತಿಗೆ ವಯಸ್ಸಾಗದಿರಬಹುದು. ಕೊಟ್ಟವಳಿಗೆ ಆಗುತ್ತದಲ್ಲ?

ಮೇಲಿನ ತಾರೀಕು ನಿಮಗೆ ತಪ್ಪೆನಿಸೀತು. ಜುಲೈ, ಆಗಸ್ಟಿನಿಂದ ಒಂದೊಂದು ದಿನ ತೆಗೆದು ಫೆಬ್ರವರಿಗೆ ಕೊಟ್ಟು ಬಹಳ ಕಾಲವಾಯಿತು. ನನ್ನ ಕೆಲವು ಪದಗಳೂ ಹೀಗೆಯೇ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮಗೆ ಬುದ್ಧಿ ಹೇಳಲು ಬರೆಯುತ್ತಿಲ್ಲ, ಕೇಳಲು ಬರೆಯುತ್ತಿದ್ದೇನೆ.

ಈ ಸಲ ತಕ್ಕಡಿಚೀಟಿ ನನ್ನ ಮನೆಗೆ ಬಿದ್ದಿದೆ. ಊರಿನ ಫುಟ್‌ಬಾಲ್ ತಂಡಕ್ಕೂ ಆಟಗಾರ್ತಿಗೂ ಕರಾರಿನ ಜಗಳ ಬಂದರೆ ಚೀಟಿ ಎತ್ತುತ್ತಾರೆ. ಯಾರ ಹೆಸರು ಬರುತ್ತದೋ ಅವರು ತೀರ್ಪು ಬರೆಯಬೇಕು. ಆಟ ಗೊತ್ತಿರಬೇಕೆಂದೇನೂ ಇಲ್ಲ. ನಾನು ಪದ್ಯ ಓದುವವಳು. ಆಫ್‌ಸೈಡ್ ಎಂದರೇನೆಂದು ಈ ನಲವತ್ತೆಂಟನೆಯ ವಯಸ್ಸಿನಲ್ಲಿ ಕಲಿತೆ, ಮರುದಿನ ಮರೆತೆ.

ಜಗಳ ನಮ್ಮ ಗೋಲ್‌ಕೀಪರ್ ಶಾಂಭವಿ ಹುಕ್ಕೇರಿಯದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆಕೆ ಹತ್ತು ವರ್ಷದ ಕರಾರಿಗೆ ಸಹಿ ಹಾಕಿದಳು. ಹತ್ತು ವರ್ಷ ಆಕೆ ತಂಡ ಬಿಡುವಂತಿಲ್ಲ; ತಂಡ ಮಾತ್ರ ಯಾವ ವರ್ಷ ಬೇಕಾದರೂ ಆಕೆಯನ್ನು ಬಿಡಬಹುದು. ಎಲ್ಲ ಆಟಗಾರ್ತಿಯರ ಕರಾರೂ ಹೀಗೆಯೇ ಇದೆ. ಈಗ ಆಕೆಗೆ ಇಪ್ಪತ್ತೈದು. ಕಟ್ಟಿದರೆ ಇಬ್ಬರನ್ನೂ ಕಟ್ಟಿ, ಇಲ್ಲದಿದ್ದರೆ ನಾನು ಆಡುವುದಿಲ್ಲ ಎಂದು ಮೈದಾನದ ಗೇಟಿನ ಬಳಿ ಕೂತಿದ್ದಾಳೆ.

ನಿಮ್ಮ ಕಾಲದಲ್ಲಿ ಒಬ್ಬರು ಹೀಗೆ ಕೂತರೆ ಇನ್ನೊಬ್ಬರನ್ನು ಇಳಿಸಿ ಆಟ ಮುಂದುವರಿಸುತ್ತಿದ್ದರಂತೆ. ನಮ್ಮಲ್ಲಿ ಅದಕ್ಕೆ ನಿಷೇಧವಿದೆ. ಕೂತವಳ ಜಾಗ ಖಾಲಿಯೇ ಇರಬೇಕು. ಕೂತವಳೂ ಮನೆಯಲ್ಲಿ ಅವಿತುಕೊಳ್ಳುವಂತಿಲ್ಲ. ಅಭ್ಯಾಸ, ಪಂದ್ಯ ನಡೆಯುವಷ್ಟು ಹೊತ್ತು ಎಲ್ಲರಿಗೂ ಕಾಣುವಂತೆ ಗೇಟಿನ ಬಳಿ ಕೂರಬೇಕು. ಕುರ್ಚಿ ಸ್ವಂತದ್ದಾಗಿರಕೂಡದು, ಬೇರೆ ಮನೆಯಿಂದ ಕೇಳಿ ತಂದಿರಬೇಕು. ಊರಲ್ಲಿ ಒಂದು ಮನೆಯೂ ಕುರ್ಚಿ ಕೊಡದಿದ್ದರೆ ಕೂರುವ ಹಕ್ಕಿಲ್ಲ. ಶಾಂಭವಿಗೆ ಕೊಟ್ಟವರು ಒಬ್ಬ ದರ್ಜಿ. ಹಿಡಿ ಮುರಿದ ಕುರ್ಚಿ.

ಬಿಸಿಲಿನ ದೆಸೆಯಿಂದ ನಮ್ಮ ಪಂದ್ಯಗಳು ಬೆಳಿಗ್ಗೆ ಎಂಟರೊಳಗೆ ಮುಗಿಯುತ್ತವೆ. ಆಮೇಲೆ ಮೈದಾನದ ಮೇಲೆ ನೆರಳುಬಟ್ಟೆ ಎಳೆದು ಅದರಡಿ ಸಂತೆ ಹೂಡುತ್ತಾರೆ. ನಿನ್ನೆಯ ಪಂದ್ಯಕ್ಕೆ ಹೋಗಿ ನೋಡಿದೆ. ಗೋಲಿನಲ್ಲಿ ಯಾರೂ ಇಲ್ಲ. ಶಾಂಭವಿಯ ಕೈಗವಸುಗಳನ್ನು ಕಂಬಕ್ಕೆ ನೇತುಹಾಕಿದ್ದರು. ನನ್ನ ಪಕ್ಕದ ಮನೆಯ ಸಾವಂತ್ರವ್ವನ ಮಗಳು ದೀಪಾಲಿ ರಕ್ಷಣೆಯ ಆಟಗಾರ್ತಿ. ಕೈಯಿಂದ ಮುಟ್ಟುವಂತಿಲ್ಲವಾದ್ದರಿಂದ ಬಂದ ಚೆಂಡಿಗೆಲ್ಲ ತಲೆ, ಎದೆ, ಬೆನ್ನು ಕೊಟ್ಟಳು. ಆದರೂ ನಮ್ಮ ಮೇಲೆ ಹದಿನಾಲ್ಕು ಗೋಲು ಬಿದ್ದವು. ಕೆಲವರು ಇದನ್ನು ನೋಡಲೆಂದೇ ಶೇಂಗಾ ಕಟ್ಟಿಕೊಂಡು ಬಂದಿದ್ದರು.

ಪಂದ್ಯ ಮುಗಿದ ಮೇಲೆ ಸಾವಂತ್ರವ್ವ ನೇರವಾಗಿ ಗೇಟಿಗೆ ಹೋದಳು.

"ಏನವಾ ಮಹಾರಾಣಿ, ಸಿಂಹಾಸನ ಚಂದ ಐತಿ. ನನ್ನ ಮಗಳು ಅಲ್ಲಿ ಬಿದ್ದು ಎದ್ದು ಮಾಡಾಕತ್ತಿದ್ಲು, ನೋಡಿದೇನು?"

"ನೋಡೀನ್ರಿ ಕಾಕು," ಎಂದಳು ಶಾಂಭವಿ. "ಕಣ್ಣ ಮುಚ್ಚಿದ್ರೂ ಅದ ಕಾಣತೈತಿ."

ನನಗೂ ಪ್ರಶ್ನೆ ಕೇಳುವ ಹಕ್ಕಿತ್ತು. ಆಕೆಯ ಮೊಣಕಾಲು ಮುರಿದಾಗ ತಂಡ ಎರಡು ವರ್ಷ ಆಕೆಯನ್ನು ಸಾಕಿದೆ, ಬಿಡಬಹುದಿತ್ತು, ಬಿಡಲಿಲ್ಲ. ಅದನ್ನೇ ಕೇಳಿದೆ.

"ಬಿಡಲಿಲ್ಲ ಅನ್ನೂದು ಉಪಕಾರ ರೀ ಅಕ್ಕಾರ. ದಿನಾ ನೆನೀತೀನಿ. ಆದರ ನಾ ಕೇಳಾಕತ್ತಿದ್ದು ಉಪಕಾರ ಅಲ್ಲ."

ಸರಿ ಎನಿಸಿತು. ಅಲ್ಲಿಂದ ತಂಡದ ಕಾರ್ಯದರ್ಶಿಯ ಕೋಣೆಗೆ ಹೋದೆ. ಆತ ಕೆಟ್ಟವನಲ್ಲ. ಎಲ್ಲರನ್ನೂ ಹತ್ತು ವರ್ಷ ಇಟ್ಟುಕೊಳ್ಳಲೇಬೇಕೆಂದರೆ, ಮುಂದೆ ಮೊಣಕಾಲಿನ ಬಗ್ಗೆ ಸ್ವಲ್ಪ ಅನುಮಾನ ಬಂದ ಹುಡುಗಿಯನ್ನೂ ತಂಡಕ್ಕೆ ಸೇರಿಸುವುದೇ ಇಲ್ಲ ಎಂದ. ಅದೂ ಸರಿ ಎನಿಸಿತು. ನನ್ನ ತೊಂದರೆ ಇದೇ.

ನಾಳೆ ಕೊನೆಯ ಪಂದ್ಯ. ಸೋತರೆ ತಂಡ ಲೀಗಿನಿಂದ ಹೊರಗೆ, ಇಪ್ಪತ್ತು ಹೆಣ್ಣುಮಕ್ಕಳ ಕರಾರು ರದ್ದು. ಆಡಲೇಬೇಕೆಂದು ನಾನು ಬರೆದರೆ ಶಾಂಭವಿ ಆಡಬೇಕು, ಇಲ್ಲವೇ ಆಟವನ್ನೇ ಬಿಡಬೇಕು. ಬಿಡುವವಳ ಹಾಗೆಯೇ ಕಾಣುತ್ತಾಳೆ. ತಂಡವನ್ನೂ ಕಟ್ಟಿ ಎಂದು ಬರೆದರೆ ಆಡುತ್ತಾಳೆ, ಆದರೆ ಕಾರ್ಯದರ್ಶಿ ಹೇಳಿದ ಹುಡುಗಿಯರಿಗೆ ಬಾಗಿಲು ಮುಚ್ಚುತ್ತದೆ. ಸಂಜೆ ಐದಕ್ಕೆ ತೀರ್ಪಿನ ಕಾಗದ ಒಯ್ಯಲು ಬರುತ್ತಾರೆ. ಈಗ ನಾಲ್ಕೂ ಕಾಲು. ಎರಡು ಸಲ ಬರೆದೆ, ಒಂದೊಂದು ಸಲ ಒಂದೊಂದು ಪಕ್ಷಕ್ಕೆ. ಎರಡೂ ಓದಲು ಚೆನ್ನಾಗಿಯೇ ಇದ್ದವು. ಎರಡನ್ನೂ ಹರಿದೆ.

ನನ್ನ ಕೋರಿಕೆ ಇಷ್ಟೇ. ನೀವು ಇಂಥ ಕರಾರುಗಳನ್ನು ಮೊದಲು ಬರೆದವರು, ಒಪ್ಪಿದವರು, ಕೂತವರನ್ನು ಸ್ವಾರ್ಥಿಗಳೆಂದು ಬೈದವರು. ಸಹಿ ಹಾಕುವ ಹುಡುಗಿಯ ಎದುರು ಕೂತಾಗ ಯಾರಾದರೂ ಒಬ್ಬರು ಕಾಗದವನ್ನು ತಿರುಗಿಸಿ, ಆಕೆಯ ಕಡೆಯಿಂದ ಓದಿದ್ದಿರಾ? ಓದಿದ್ದರೆ ಏನು ಕಂಡಿತೆಂದು ಎಲ್ಲಾದರೂ ಬರೆದಿಡಿ. ನಾನು ಹುಡುಕುತ್ತೇನೆ.

ಇಷ್ಟು ಬರೆಯುವಾಗ ಬಾಗಿಲು ಬಡಿದ ಸದ್ದು. ಸಾವಂತ್ರವ್ವ. ಬೈಯಲು ಬಂದಿದ್ದಾಳೆಂದುಕೊಂಡೆ. ಹೊಸ್ತಿಲಾಚೆಯೇ ನಿಂತು, ನನ್ನ ಮುಖ ನೋಡದೆ, ಒಳಗಿನ ಊಟದ ಮೇಜಿನತ್ತ ಕಣ್ಣು ಹಾಯಿಸಿದಳು.

"ದೀಪಾಲಿ ನಾಳೆ ಆಡಂಗಿಲ್ಲಂತ್ರಿ ಅಕ್ಕಾರ. ಬೈದು ನೋಡಿದೆ, ಅತ್ತು ನೋಡಿದೆ, ಕೇಳವಲ್ಲಳು. ನಿಮ್ಮ ಮನ್ಯಾಗ ಒಂದು ಗಟ್ಟಿ ಕುರ್ಚಿ ಇದ್ರ ಕೊಡ್ರಿ."