ಬಟ್ಟೆ ಒಗೆಯುವವಳಿಂದ ಬರೆಸಿಕೊಂಡ ಕಾಗದ

ಮಾನ್ಯ ಧರ್ಮಾಧ್ಯಕ್ಷರೇ,

ನನ್ನ ತಂಗಿಯಿಂದ ನಿಮ್ಮ ಕಚೇರಿ ಬರೆಸಿಕೊಂಡ ಕಾಗದವನ್ನು ವಾಪಸು ಕೊಡಿ. ಅವಳು ತೀರಿಕೊಂಡು ಎರಡು ತಿಂಗಳಾಯಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬೈಗುಳ ತೆಗಿ ಅಜ್ಜಿ ಎಂದು ಮೊಮ್ಮಗಳು ಹೇಳಿದ್ದಕ್ಕೆ ಒಂದೆರಡು ತೆಗೆದಿದ್ದೇನೆ.

ಮೂವತ್ತೊಂದು ವರ್ಷ ಅವಳು ನಮ್ಮ ಚರ್ಚಿನ ಬಲಿಪೀಠದ ಬಟ್ಟೆ ಒಗೆದಳು. ಕ್ರಿಸ್ತನ ರಕ್ತವೆನ್ನುವ ದ್ರಾಕ್ಷಾರಸದ ಪಾನಪಾತ್ರೆ ಒರೆಸಿದ ಬಟ್ಟೆಯ ಮೊದಲ ನೀರು ಚರಂಡಿಗೆ ಹೋಗಬಾರದು, ಮಣ್ಣಿಗೇ ಸೇರಬೇಕು ಎಂಬುದು ನಿಮ್ಮದೇ ನಿಯಮ. ಒಂದು ಬೆಳಿಗ್ಗೆ ಆ ನೀರನ್ನು ಚರ್ಚಿನ ಹಿಂದಿನ ಗುಲಾಬಿ ಗಿಡಕ್ಕೆ ಒಯ್ಯುವಾಗ ಪಕ್ಕದಲ್ಲಿ ಯೇಸುವನ್ನು ಕಂಡಳು.

"ಏನಂದ?" ಎಂದು ಕೇಳಿದೆ.

"ಏನೂ ಅನ್ನಲಿಲ್ಲಕ್ಕಾ. ಬಕೆಟ್ಟಿನ ಇನ್ನೊಂದು ಕಡೆ ಹಿಡ್ಕೊಂಡ, ಅಷ್ಟೇ."

"ಸದ್ಯ, ನಮ್ಮನೆ ಗಂಡಸರಂತೂ ಒಬ್ಬರೂ ಹಿಡಿಯಲಿಲ್ಲ."

ಇಬ್ಬರೂ ನಕ್ಕೆವು.

ಹೆಂಗಸರ ಪ್ರಾರ್ಥನಾ ಕೂಟದಲ್ಲಿ ಇದನ್ನು ಹೇಳಿದ್ದೇ ಅವಳ ಅಪರಾಧ. ವಾರದೊಳಗೆ ನಿಮ್ಮ ಮೂವರ ವಿಚಾರಣಾ ಸಮಿತಿ ಬಂದು ಕೂತಿತು. ಅವನ ಅಂಗಿ ಯಾವ ಬಣ್ಣ? ಗುರುಗಳಿಗೆ ಕಾಣದವನು ನಿನಗೇಕೆ ಕಂಡ? ಸ್ವಾಮಿ, ಸತ್ತು ಎದ್ದ ಅವನನ್ನು ಸಮಾಧಿಯ ಹತ್ತಿರ ಮೊದಲು ಕಂಡು ತೋಟದವನೆಂದುಕೊಂಡ ಹೆಂಗಸಿಗೂ ಇದನ್ನೇ ಕೇಳುತ್ತಿದ್ದಿರಾ? ಆಕೆ ಓಡಿ ಬಂದು ಹೇಳಿದಾಗ ಶಿಷ್ಯರಿಗೂ ಅದು ಬರೀ ಹರಟೆಯಾಗಿ ಕೇಳಿಸಿತ್ತು. ನಿಮ್ಮ ಪೀಠ ನಿಂತಿರುವುದು ಆ ಹರಟೆಯ ಮೇಲೇ ಅಲ್ಲವೇ? ಯೇಸುವಿನ ಭಕ್ತರನ್ನು ಹಿಡಿಯಲು ಹೊರಟು, ದಾರಿಯಲ್ಲಿ ಬೆಳಕು ಕಂಡು ನೆಲಕ್ಕೆ ಬಿದ್ದವನ ಕೈಯಲ್ಲಿ ಯಾರ ಮೊಹರಿನ ಪತ್ರವಿತ್ತು? ಮಹಾಯಾಜಕನದು.

"ನಾನು ಕಂಡದ್ದು ಭ್ರಮೆ" ಎಂದು ಸಹಿ ಮಾಡುವವರೆಗೆ ಪರಮಪ್ರಸಾದವಿಲ್ಲ ಎಂದಿರಿ. ಹನ್ನೊಂದು ಭಾನುವಾರ ಅವಳು ಕೊನೆಯ ಬೆಂಚಿನಲ್ಲಿ ಕೂತು ಬರಿಬಾಯಲ್ಲಿ ಮನೆಗೆ ಬಂದಳು. ನೋಡಲಾರದೆ ನಾನೇ ಹೇಳಿದೆ, "ಒಂದು ಸಹಿ ತಾನೇ, ಹಾಕಿ ಬಿಸಾಕೇ. ಅವನಿಗೆ ಗೊತ್ತಾಗಲ್ವಾ?"

ಹಾಕಿದಳು. ಪ್ರಸಾದ ಸಿಕ್ಕಿತು. ದಾರಿಯಲ್ಲಿ ನನ್ನ ಕೈ ಬಿಡಿಸಿಕೊಂಡು, "ಅಕ್ಕಾ, ಅವನನ್ನ ಕಂಡೇ ಇಲ್ಲ ಅಂದ್ಬಿಟ್ನಲ್ಲ" ಎಂದಳು. ಆಮೇಲೂ ನೀರು ಹೊತ್ತಳು, ಪಕ್ಕಕ್ಕೆ ತಿರುಗಿ ನೋಡಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಕೊನೆಗೆ ಕೇಳಿದ್ದೂ ಅದನ್ನೇ: "ಯಾವ ಮುಖ ಇಟ್ಕೊಂಡು ಅವನನ್ನ ಕರೀಲಿ?" ನಿಮ್ಮ ಸಮಿತಿಯಲ್ಲಿ ಯಾರಿಗಾದರೂ ಉತ್ತರ ಗೊತ್ತಿತ್ತೇ?

ನಿಮ್ಮ ನಿಯಮಗಳೆಲ್ಲ ಕೆಟ್ಟವೆನ್ನಲಾರೆ. ನೀರಿನ ನಿಯಮ ಇರದಿದ್ದರೆ ಅವಳು ಆ ಗಿಡದ ಕಡೆ ಹೋಗುತ್ತಲೇ ಇರಲಿಲ್ಲ.

ಆ ಕಾಗದವೇ ಬೇಕು, ನಕಲಲ್ಲ. ಸಹಿ ಹಾಕಿಸಿದ್ದು ಇಂಕು ಪೆನ್ನಿನಲ್ಲಿ, ನೆನೆಸಿದರೆ ಬಿಡುತ್ತದೆ. ಆ ನೀರನ್ನೂ ಅದೇ ಗಿಡದ ಬುಡಕ್ಕೆ ಸುರಿಯುತ್ತೇನೆ. ಬಕೆಟ್ಟಿನ ಇನ್ನೊಂದು ಕಡೆ ಯಾರೂ ಹಿಡಿಯದಿದ್ದರೂ ಸರಿ, ಹೊರುತ್ತೇನೆ.

ಇಂತಿ,
ಸಹಿ ಹಾಕು ಎಂದ ಅಕ್ಕ