ನಿನ್ನ ಕಸದ ಬುಟ್ಟಿಯೂ ಬಂದು ತಲುಪಿತು

ಭಾನುವಾರ, ಅಂಗಡಿಗೆ ರಜೆ

ನನ್ನ ಮುದ್ದು ಪುಟ್ಟಿಗೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ನೀನೂ ಅಳಿಯಂದಿರೂ ಚೆನ್ನಾಗಿರಿ.

ಕೊರಿಯರಿನಲ್ಲಿ ಕಳಿಸಿದ ಪೆನ್‌ಡ್ರೈವ್ ಬಂತು. ಮದುವೆಯ ಫೋಟೋಗಳನ್ನು ಅಮ್ಮನೇ ತಾನು ಕೆಲಸ ಮಾಡುವ ಫೋಟೋ ಅಂಗಡಿಯಲ್ಲಿ ಪ್ರಿಂಟ್ ಹಾಕಿ ಆಲ್ಬಮ್ ಮಾಡಬೇಕು ಎಂದು ನಿನಗೆ ಆಸೆ. ನನಗೂ ಇತ್ತು. ಆಲ್ಬಮ್ ಕಂಕುಳಲ್ಲಿ ಇಟ್ಟುಕೊಂಡೇ ನಿಮ್ಮ ಮನೆಗೆ ಬಂದುಬಿಡುವುದು, ಆಮೇಲೆ ನಿಮ್ಮ ಜೊತೆಯೇ ಇರುವುದು ಎಂದು ಮಾತಾಗಿತ್ತಲ್ಲ. ಮನೆ ಖಾಲಿ ಮಾಡುತ್ತೇನೆಂದು ಓನರಮ್ಮನಿಗೆ ಹೇಳಿಯೂ ಆಗಿತ್ತು. ಅವರು ನಾನು ಹೊಸಿಲು ದಾಟುವ ಮೊದಲೇ ಗೋಡೆಗೆ ಬಣ್ಣ ತಂದಿಟ್ಟಿದ್ದರು.

ಈಗ ಬರುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಸೆ ಇಟ್ಟುಕೊಂಡು ಓದಬೇಡ.

ನಿನ್ನದು ಮ್ಯಾಕ್ ಕಂಪ್ಯೂಟರ್, ನಮ್ಮ ಅಂಗಡಿಯದು ವಿಂಡೋಸ್. ಎರಡೂ ಅತ್ತೆ ಸೊಸೆ ಇದ್ದ ಹಾಗೆ. ಒಬ್ಬಳು ಮುಚ್ಚಿಟ್ಟದ್ದನ್ನು ಇನ್ನೊಬ್ಬಳು ತಂದು ಹಜಾರದಲ್ಲಿ ಇಡುತ್ತಾಳೆ. ಡ್ರೈವಿನಲ್ಲಿದ್ದ ಫೋಟೋವನ್ನು ನೀನು ಅಳಿಸಿದರೆ ಅದು ಅಳಿಯುವುದಿಲ್ಲ ಕಣೇ. ಮ್ಯಾಕ್ ಆ ಡ್ರೈವಿನಲ್ಲೇ ಒಂದು ಕಸದ ಬುಟ್ಟಿ ಮಾಡಿ, ಅದರೊಳಗೆ ಹಾಕಿ, ನಿನ್ನ ಕಣ್ಣಿಗೆ ಕಾಣದ ಹಾಗೆ ಇಡುತ್ತದೆ. ಬುಟ್ಟಿ ಖಾಲಿ ಮಾಡದೆ ಕಳಿಸಿದರೆ ಕಸವೂ ಜೊತೆಗೇ ಬರುತ್ತದೆ. ನಮ್ಮ ಕಂಪ್ಯೂಟರಿಗೆ ಆ ಮುಚ್ಚುಮರೆಯೆಲ್ಲ ತಿಳಿಯದು, ಫೋಟೋಗಳ ಪಕ್ಕದಲ್ಲೇ ಬುಟ್ಟಿಯನ್ನೂ ತೋರಿಸಿತು. ಗಿರಾಕಿಗಳ ಡ್ರೈವಿನಲ್ಲಿ ಇಂಥವು ದಿನಾ ಕಾಣುತ್ತವೆ, ಒಂದು ದಿನವೂ ಕೈ ಹಾಕಿದವಳಲ್ಲ. ಇದು ಮಗಳದು ತಾನೇ ಎಂದು ತೆರೆದೆ.

ಮದುವೆಗೆ ಮುಂಚೆ ಫೋನಿನಲ್ಲಿ ನೀನು ಏನು ಹೇಳಿದ್ದೆ, ನೆನಪಿದೆಯಾ? ರಿಜಿಸ್ಟ್ರಾರ್ ಆಫೀಸಲ್ಲಿ ಒಂದು ಸಹಿ ಅಷ್ಟೇ ಕಣಮ್ಮ, ಯಾರನ್ನೂ ಕರೀತಿಲ್ಲ, ನೀನು ಸುಮ್ನೆ ರಜೆ ಹಾಕ್ಕೊಂಡು ಬರಬೇಡ ಅಂದೆ. ನನಗೆಂದು ಇಟ್ಟ ಫೋಟೋಗಳಲ್ಲಿ ನೀವಿಬ್ಬರೇ. ಬುಟ್ಟಿಯಲ್ಲಿ ಊರೇ ಇತ್ತು. ಹೋಟೆಲಿನ ಮೇಲಿನ ಮಹಡಿ, ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜುಗಳು, ಅಳಿಯಂದಿರ ಕಡೆಯವರು, ನಿನ್ನ ಆಫೀಸಿನವರು. ನಿನ್ನಪ್ಪ! ನಮ್ಮಿಬ್ಬರನ್ನೂ ನಡುನೀರಿನಲ್ಲಿ ಕೈಬಿಟ್ಟು ಹೋದ ಮನುಷ್ಯ ನಿನ್ನ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದಾನೆ. ಈ ಪಕ್ಕ ಅವನ ಈಗಿನ ಹೆಂಡತಿ, ತಾಯಿ ನಿಲ್ಲುವ ಜಾಗದಲ್ಲಿ ನಿಂತು ನಿನ್ನ ಕೂದಲು ಸರಿಮಾಡುತ್ತಿದ್ದಾಳೆ. ಅವಳಿಗೆ ಆ ಹಸಿರು ಬಣ್ಣ ಒಪ್ಪುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲವೇನೇ? ಅಪ್ಪನನ್ನು ಕರೆಯುತ್ತೇನೆ ಎಂದಿದ್ದರೆ ನಾನು ಬೇಡ ಎನ್ನುತ್ತಿದ್ದೆನಾ? ಎನ್ನುತ್ತಿದ್ದೆ, ಹೌದು. ಬಾಯಿಗೆ ಬಂದ ಹಾಗೆ ಬೈದು, ಎರಡು ದಿನ ಮಾತು ಬಿಟ್ಟು, ಕೊನೆಗೆ ಬಂದು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂರುತ್ತಿದ್ದೆ. ನಿನಗೆ ನನ್ನ ಬಾಯಿಯ ಭಯ. ಅದು ನನಗೂ ಗೊತ್ತು.

ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡುವ ಅಕ್ಕ ನನ್ನ ಹಿಂದೆಯೇ ನಿಂತು ನೋಡುತ್ತಿದ್ದಳು. ಮಗಳ ಮದ್ವೆ ಜೋರಾಗೇ ಮಾಡಿದ್ದೀರಲ್ಲಾ, ನೀವೆಲ್ಲೂ ಕಾಣ್ತಾನೇ ಇಲ್ಲ ಎಂದು ಕೇಳಿದಳು. ಫೋಟೋ ತೆಗೆದದ್ದು ನಾನೇ ಎಂದೆ.

ಆಲ್ಬಮ್ ಮಾಡಿದ್ದೇನೆ. ನನಗೆಂದು ನೀನು ಇಟ್ಟ ಫೋಟೋಗಳು ಮಾತ್ರ. ನಿನ್ನ ಕಂಪ್ಯೂಟರ್ ಪರದೆಯ ಬಣ್ಣ ನಮ್ಮ ಪ್ರಿಂಟಿನಲ್ಲಿ ಕಪ್ಪಿಡುತ್ತದೆ, ಒಂದೊಂದನ್ನೂ ಕೂತು ಸರಿಮಾಡಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಗಲ್ಲದ ಮೇಲಿನ ಮೊಡವೆಯನ್ನೂ ತೆಗೆದಿದ್ದೇನೆ. ಕೊರಿಯರಿನಲ್ಲಿ ಬರುತ್ತದೆ. ಮನೆ ಬಿಡುವುದಿಲ್ಲ ಎಂದು ಓನರಮ್ಮನಿಗೆ ಹೇಳಿದೆ, ಅವರು ಮುಖ ಊದಿಸಿಕೊಂಡು ಬಣ್ಣದ ಡಬ್ಬ ಎತ್ತಿಕೊಂಡು ಹೋದರು. ನಿನ್ನಪ್ಪನೂ ಅವಳೂ ಬಂದು ಹೋಗುವ ಮನೆಯಲ್ಲಿ ನಾನು ಒಂದು ಮೂಲೆಯಲ್ಲಿ ಇರಲಾರೆ. ಕಾರಣ ಅಷ್ಟೇ, ಬೇರೇನೂ ಇಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು.

ಇತಿ,
ನಿನ್ನ ಅಮ್ಮ

ತಾ.ಕ.: ಕಾರಣ ಅಷ್ಟೇ ಎಂದದ್ದು ಸುಳ್ಳು. ನಿನ್ನಪ್ಪ ಬಂದದ್ದು ನನಗೆ ಮದುವೆಯ ದಿನವೇ ಗೊತ್ತಿತ್ತು. ನೀನು ಬೇಡವೆಂದರೂ ನಾನು ರಜೆ ಹಾಕಿ ಬಂದಿದ್ದೆ. ನೀವೆಲ್ಲ ಸಹಿ ಮುಗಿಸಿ ಹೋಟೆಲಿಗೆ ನಡೆದದ್ದನ್ನು ದೂರದಿಂದ ನೋಡಿದೆ. ಹೋಟೆಲಿನ ಎದುರಿನ ಔಷಧಿ ಅಂಗಡಿಯ ಹತ್ತಿರ ಹೂವು ಹಿಡಿದುಕೊಂಡು ತುಂಬಾ ಹೊತ್ತು ನಿಂತಿದ್ದೆ. ನನಗೆ ನೋವಾಗಬಾರದೆಂದು ಮಗಳು ಮುಚ್ಚಿಟ್ಟಿದ್ದಾಳೆ, ಕಂಡಿದ್ದರೆ ಓಡಿ ಬರುತ್ತಿದ್ದಳು, ಪಾಪ ಕಂಡಿಲ್ಲ ಎಂದುಕೊಂಡು ಹಿಂತಿರುಗಿದೆ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ನಿನ್ನ ಜೊತೆ ಇರಲು ಒಪ್ಪಿದ್ದೂ ಅದೊಂದೇ ನಂಬಿಕೆಯ ಮೇಲೆ. ಆದರೆ ಬುಟ್ಟಿಯಲ್ಲಿ ಒಂದು ಫೋಟೋ ಮಾತ್ರ ನಮ್ಮ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಅದು ಫೋಟೋಗ್ರಾಫರನ ಕ್ಯಾಮೆರಾದ್ದಲ್ಲ, ನಿನ್ನ ಫೋನಿನದು. ಆ ಜಾತಿಯ ಫೈಲನ್ನು ನಮ್ಮ ಕಂಪ್ಯೂಟರಿಗೆ ಒಗ್ಗುವ ಹಾಗೆ ಬದಲಾಯಿಸುವುದು ನನ್ನ ನಿತ್ಯದ ಕೆಲಸ, ಬದಲಾಯಿಸಿ ನೋಡಿದೆ. ಹೋಟೆಲಿನ ಮೇಲಿನ ಕಿಟಕಿಯಿಂದ ತೆಗೆದದ್ದು. ಔಷಧಿ ಅಂಗಡಿಯ ಮುಂದೆ ನಾನೊಬ್ಬಳೇ ನಿಂತಿದ್ದೇನೆ. ಜೂಮ್ ಮಾಡಿ ತೆಗೆದಿದ್ದೀಯ, ಪುಟ್ಟಿ.